ಮುಚ್ಚಳಿಕೆ ಬರೆದುಕೊಡಲಿಲ್ಲ

ಎಂ.ಕಾಂ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ವರದಿ ನಾನು ಬರೆದದ್ದಲ್ಲ, ಚಾಟ್‌ಜಿಪಿಟಿ ಬರೆದದ್ದು ಎಂದು ಕಾಲೇಜಿನವರು ಹೇಳಿದಾಗ ಮನೆಯವರೂ ಗೆಳತಿಯರೂ ಕೊಟ್ಟ ಸಲಹೆ ಒಂದೇ: ‘ಒಂದು ಮುಚ್ಚಳಿಕೆ ಬರೆದುಕೊಟ್ಟು ಮುಗಿಸಿಬಿಡು.’ ದೊಡ್ಡವರ ಹತ್ತಿರ ಜಗಳ ಯಾಕೆ ಎಂಬ ಹಳೆಯ ಜಾಣತನ ಅದು. ರಾಜಾಜಿನಗರದ ನಮ್ಮ ಮನೆಯಲ್ಲಿ ಅದಕ್ಕೆ ಯಾವತ್ತೂ ಬರವಿರಲಿಲ್ಲ. ಆದರೆ ‘ಇನ್ನು ಮುಂದೆ ಹೀಗೆ ಮಾಡುವುದಿಲ್ಲ’ ಅಂತ ಬರೆದರೆ, ಹಿಂದೆ ಮಾಡಿದ್ದೆ ಎಂದು ನಾನೇ ಸಹಿ ಹಾಕಿಕೊಟ್ಟಂತೆ.

ವರದಿ ಕಾಮಾಕ್ಷಿಪಾಳ್ಯದ ಲೇತ್ ವರ್ಕ್‌ಶಾಪುಗಳ ಸಾಲದ ಕುರಿತದ್ದು. ಮಾಲೀಕರು ಯಂತ್ರ ನಿಲ್ಲಿಸದೆಯೇ ಉತ್ತರ ಹೇಳುತ್ತಿದ್ದರು. ನಾನು ನಿಂತುಕೊಂಡೇ ಕನ್ನಡದಲ್ಲಿ ಗೀಚಿಕೊಳ್ಳುತ್ತಿದ್ದೆ. ಬಡ್ಡಿ, ಬಾಕಿ ಬಿಲ್ಲು, ಜಿಎಸ್‌ಟಿ ಎಲ್ಲ ಒಂದೇ ಪುಟದಲ್ಲಿ, ಮೇಲೊಂದು ಕಟಿಂಗ್ ಆಯಿಲಿನ ಹೆಬ್ಬೆರಳ ಗುರುತು. ಹಂಪಿನಗರದ ಗ್ರಂಥಾಲಯದಲ್ಲಿ ಕೂತು ಅದನ್ನು ಇಂಗ್ಲಿಷಿಗೆ ತರುವಾಗ ನನಗೆ ಬರುವ ಇಂಗ್ಲಿಷೇ ಬಂತು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಗೈಡುಗಳು. ‘ಪ್ಲೇಸ್ ಎ ವೈಟಲ್ ರೋಲ್’ ಇಲ್ಲದೆ ನಮ್ಮಂಥವರ ಪ್ಯಾರಾ ಶುರುವಾಗುವುದೇ ಇಲ್ಲ.

ಯಂತ್ರದ ಬರಹ ಪತ್ತೆಹಚ್ಚಲು ಕಾಲೇಜು ಬಳಸಿದ ತಂತ್ರಾಂಶ ಹಿಡಿದದ್ದೂ ಅಂಥ ಸಾಲುಗಳನ್ನೇ. ಮುಂದೆ ಯಾವ ಪದ ಬರುತ್ತದೆಂದು ಸುಲಭವಾಗಿ ಊಹಿಸಬಹುದಾದರೆ ಅದು ಯಂತ್ರದ ಬರಹ ಎಂಬುದು ಇಂಥ ಹಲವು ತಂತ್ರಾಂಶಗಳ ಲೆಕ್ಕ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು, ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದ 91 ಟೋಫೆಲ್ ಪ್ರಬಂಧಗಳನ್ನು ಏಳು ತಂತ್ರಾಂಶಗಳಿಗೆ ಕೊಟ್ಟು ನೋಡಿದರು. ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳು ಯಂತ್ರದ್ದೆನಿಸಿಕೊಂಡವು. ಅದೇ ವರ್ಷ ಜುಲೈನಲ್ಲಿ, ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ತನ್ನದೇ ಪತ್ತೆದಾರಿ ಸಾಧನವನ್ನು ನಿಖರತೆ ಸಾಲದೆಂದು ಹಿಂತೆಗೆದುಕೊಂಡಿತು. ಹೆತ್ತವರಿಗೇ ಗುರುತು ಸಿಗದ್ದು ನಮ್ಮ ಸ್ಟಾಫ್ ರೂಮಿಗೆ ಸಿಕ್ಕಿತ್ತು!

ಇದನ್ನೆಲ್ಲ ಬಾಯಲ್ಲಿ ಹೇಳಿದರೆ ‘ವಾದ ಮಾಡ್ತೀಯಾ?’ ಎಂಬ ಉತ್ತರ. ಹಾಗಾಗಿ ಅರ್ಜಿ ಕೊಟ್ಟೆ. ಯಾವ ಪುಟದ ಯಾವ ಸಾಲು, ಯಾವ ನಿಯಮದ ಉಲ್ಲಂಘನೆ ಎಂದು ಲಿಖಿತವಾಗಿ ತಿಳಿಸಿ ಅಂತ ಬರೆದು, ನನ್ನ ಪ್ರತಿಯ ಮೇಲೆ ಕಚೇರಿಯ ಸೀಲು ಹಾಕಿಸಿಕೊಂಡೆ. ಇನ್ನೊಮ್ಮೆ ವೈವಾ ಮಾಡಿ ಎಂದೂ ಕೇಳಿದೆ. ಅದಕ್ಕೆ ನೋಟ್‌ಬುಕ್ಕನ್ನೂ ಗೂಗಲ್ ಡಾಕ್ಸ್‌ನ ವರ್ಷನ್ ಹಿಸ್ಟರಿಯನ್ನೂ ತೆಗೆದುಕೊಂಡು ಹೋದೆ. ಯಾವ ವಾಕ್ಯ ಯಾವಾಗ ಅಳಿಸಿದೆ, ಯಾವುದನ್ನು ತಿದ್ದಿದೆ ಎಲ್ಲ ಅದರಲ್ಲಿತ್ತು. ಪ್ರಶ್ನೆ ಕೇಳುತ್ತ ಕೇಳುತ್ತ ಪರೀಕ್ಷಕರಿಗೇ ಬಾಕಿ ಬಿಲ್ಲುಗಳ ವಿಷಯದಲ್ಲಿ ಕುತೂಹಲ ಹುಟ್ಟಿತು. ಅಂಕ ಬಂತು. ‘ತಪ್ಪಾಯಿತು’ ಎಂಬ ಮಾತು ಆ ಕಡೆಯಿಂದ ಬರಲಿಲ್ಲ, ನಾನೂ ಕಾಯಲಿಲ್ಲ.

ನನ್ನ ವಿಷಯ ಅಲ್ಲಿಗೇ ಮುಗಿಯಿತು. ಮುಗಿಯದಿದ್ದರೆ ಇನ್ನೊಂದು ದಾರಿಯಿದೆ. ಯುಜಿಸಿಯ 2023ರ ನಿಯಮಗಳ ಪ್ರಕಾರ ಕಾಲೇಜುಗಳಲ್ಲಿ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಮೌಲ್ಯಮಾಪನದ ಅನ್ಯಾಯವೂ ಅದರ ವ್ಯಾಪ್ತಿಗೆ ಬರುತ್ತದೆ. ಅಲ್ಲೂ ನ್ಯಾಯ ಸಿಗಲಿಲ್ಲವೆಂದರೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್ ಇದ್ದಾರೆ. ಸಮಿತಿಯ ತೀರ್ಮಾನ ಕೈಗೆ ಬಂದ ತಾರೀಖನ್ನು ಬರೆದಿಟ್ಟುಕೊಳ್ಳಿ, ಮೇಲ್ಮನವಿಗೆ ಇರುವುದು 15 ದಿನ.