ಗಿಣ್ಣುಹಾಲು ಯಾರ ಪಾಲು?

ಕಲಾವಿಭಾಗದ ವಿದ್ಯಾರ್ಥಿಯೊಬ್ಬ ಹಸು-ಕರುಗಳ ದೇಹಧರ್ಮವನ್ನು ಕುರಿತು ಬರೆಯಹೊರಟರೆ ಅಧ್ಯಾಪಕ ಮಹಾಶಯರು ಹುಬ್ಬೇರಿಸಬಹುದು. ಆದರೆ ಶಿವಾಜಿನಗರದ ಓಣಿಯೊಂದರಲ್ಲಿ, ಎರಡು ಹಸುಗಳ ಕೊಟ್ಟಿಗೆಯ ಪಕ್ಕದಲ್ಲೇ ಕುಳಿತು ಓದಿದ ನನಗೆ ಈ ವಿಷಯ ಹೊರಗಿನದಲ್ಲ. ಎರಡು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಹುಟ್ಟಿದ ಹೆಣ್ಣುಕರು ಐದನೆಯ ದಿನ ಭೇದಿಯಾಗಿ ಸತ್ತಿತು. "ಅದರ ಋಣ ಅಷ್ಟೇ ಕಣೋ" ಎಂದರು ಅಜ್ಜಿ. ಋಣದ ಲೆಕ್ಕ ನನಗೆ ತಿಳಿಯದು. ಹಾಲಿನ ಲೆಕ್ಕವನ್ನು ಮಾತ್ರ ಆಮೇಲೆ ಪುಸ್ತಕಗಳಲ್ಲಿ ಹುಡುಕಿದೆ.

ಮನುಷ್ಯನ ಶಿಶು ಗರ್ಭದಲ್ಲಿದ್ದಾಗಲೇ ಮಾಸಿನ ಮೂಲಕ ತಾಯಿಯ ರಕ್ತದಿಂದ ರೋಗವನ್ನೆದುರಿಸುವ ಪ್ರತಿಕಾಯಗಳನ್ನು ಪಡೆದು ಹುಟ್ಟುತ್ತದೆ. ಹಸುವಿನ ಮಾಸಿನ ರಚನೆ ಬೇರೆ. ಪ್ರತಿಕಾಯಗಳು ಅದನ್ನು ದಾಟಲಾರವು. ಕರು ಬರಿಗೈಯಲ್ಲಿ, ಅಲ್ಲ, ಬರಿಗೊರಸಿನಲ್ಲಿ ಭೂಮಿಗೆ ಬರುತ್ತದೆ. ತಾಯಿ ಕೊಡಬೇಕಾದ ರಕ್ಷೆಯೆಲ್ಲ ಗಿಣ್ಣುಹಾಲಿನಲ್ಲಿದೆ. 1922ರಲ್ಲಿ ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ರಾಲ್ಫ್ ಲಿಟಲ್ ಎಂಬವರು ಗಿಣ್ಣುಹಾಲು ಕುಡಿದ ಕರುಗಳು ಬದುಕಿದುದನ್ನೂ, ಅದಿಲ್ಲದವುಗಳಲ್ಲಿ ಬಹುಪಾಲು ಸತ್ತುದನ್ನೂ ಪ್ರಕಟಿಸಿದರು.

ಇಲ್ಲಿ ಸ್ವಾರಸ್ಯವಿರುವುದು ಗಡಿಯಾರದಲ್ಲಿ. ಹುಟ್ಟಿದ ಕರುವಿನ ಸಣ್ಣಕರುಳು ಪ್ರತಿಕಾಯಗಳನ್ನು ಒಡೆಯದೆ, ಇಡಿಯಾಗಿಯೇ ನುಂಗಿ ರಕ್ತಕ್ಕೆ ಸೇರಿಸಬಲ್ಲದು. ಗಿಣ್ಣುಹಾಲಿನಲ್ಲೇ ಇರುವ ಒಂದು ಅಂಶ ಅವು ಜೀರ್ಣವಾಗದಂತೆ ತಡೆಯುತ್ತದೆ. ಆದರೆ ಗಂಟೆಗಂಟೆಗೂ ಈ ಬಾಗಿಲು ಮುಚ್ಚುತ್ತ ಬಂದು, ಸುಮಾರು 24 ಗಂಟೆಗಳಲ್ಲಿ ಪೂರ್ತಿ ಮುಚ್ಚಿಹೋಗುತ್ತದೆ. ಮೊದಲ ಆರು ಗಂಟೆಗಳೇ ಅಮೂಲ್ಯ. ಕರುವಿನ ತೂಕದ ಹತ್ತರಲ್ಲೊಂದು ಪಾಲು, ಎಂದರೆ 30 ಕಿಲೋ ಕರುವಿಗೆ 3 ಲೀಟರ್, ಆಗಲೇ ಹೊಟ್ಟೆ ಸೇರಬೇಕು.

ನಮ್ಮ ಮನೆಯಲ್ಲಿ ಆದದ್ದೇನು? ಕಸ ಬೀಳುವವರೆಗೆ ಕರುವನ್ನು ಕೆಚ್ಚಲಿಗೆ ಬಿಡಬಾರದೆಂಬುದು ಅಜ್ಜಿಯ ಕಟ್ಟಳೆ. ಅನೇಕ ಮನೆಗಳಲ್ಲಿ ಹೀಗೆಯೇ. ಸಂಜೆ ಈದ ಹಸುವಿಗೆ ಕಸ ಬಿದ್ದದ್ದು ಬೆಳಗಿನ ಜಾವ. ಆ ಬಳಿಕ ಕರೆದ ಮೊದಲ ಹಾಲು ನೆರೆಮನೆಗಳ ಚೊಂಬುಗಳಿಗೆ ಹೋಯಿತು. ಬೆಲ್ಲ-ಏಲಕ್ಕಿ ಬೆರೆತ ಗಿಣ್ಣನ್ನು ನಾನೂ ಎರಡು ಸಲ ಬಡಿಸಿಕೊಂಡೆ. ಕರುವಿಗೆ ದಕ್ಕಿದ್ದು ಕೆಲವು ಗುಟುಕು. ನಿಜವಾಗಿ, ಕರು ಮೊಲೆ ಚೀಪಿದರೆ ಗರ್ಭಕೋಶ ಸಂಕುಚಿಸಿ ಕಸ ಬೀಳಲು ನೆರವೇ ಆಗುತ್ತದೆ. ಇನ್ನೊಂದು ಮಾತು: ಒಲೆಯ ಮೇಲೆ ಗಿಣ್ಣು ಗಟ್ಟಿಯಾಗುವುದಕ್ಕೆ ಬಹುಮಟ್ಟಿಗೆ ಕಾರಣವಾದ ಸಸಾರಜನಕ ವಸ್ತುಗಳಲ್ಲಿ ಈ ಪ್ರತಿಕಾಯಗಳೂ ಸೇರಿವೆ. ನಾನು ಚಪ್ಪರಿಸಿದ್ದು ಕರುವಿನ ಪಾಲನ್ನೇ.

1923ರಲ್ಲಿ ಪಶುಸಂಗೋಪನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆ ಸ್ಥಾಪನೆಯಾದದ್ದು ನಮ್ಮ ಬೆಂಗಳೂರಿನಲ್ಲೇ. 1927ರಲ್ಲಿ ಇಲ್ಲಿ ವಿಶ್ರಾಂತಿಗೆಂದು ತಂಗಿದ್ದ ಗಾಂಧೀಜಿಯವರು ಅಲ್ಲಿಗೆ ಹೋಗಿ ಗೋಪಾಲನೆಯ ಪಾಠ ಕಲಿತರು. ಅಂಥ ಊರಿನಲ್ಲಿದ್ದೂ ಈ ತಿಳಿವಳಿಕೆ ನಮ್ಮ ಓಣಿಯನ್ನು ಮುಟ್ಟಿರಲಿಲ್ಲ.

ಈ ವರ್ಷ ಅದೇ ಹಸು ಮತ್ತೆ ಈದಿತು. ಅಜ್ಜಿ ಗೊಣಗುತ್ತಿದ್ದಂತೆಯೇ, ಗಂಟೆಯೊಳಗೆ ಕರುವನ್ನು ಮೊಲೆಗೆ ಹಿಡಿದೆ. ಸಾಲದ್ದನ್ನು ಕರೆದು, ಕಾಯಿಸದೆ, ಸೀಸೆಯಲ್ಲಿ ಕುಡಿಸಿದೆ. ನೆರೆಯವರಿಗೆ ಮೂರನೆಯ ಕರಾವಿನ ಹಾಲು ಹೋಯಿತು. ಕರು ಈಗ ಹಗ್ಗ ಕಿತ್ತು ಓಣಿಯಲ್ಲಿ ಓಡುತ್ತದೆ. ಗಿಣ್ಣು ಈ ಸಲ ತೆಳುವಾಯಿತೆಂದು ಅಜ್ಜಿಗೆ ಇನ್ನೂ ಅಸಮಾಧಾನ.