ಯುರೋಪಿನಲ್ಲಿ ದುಡ್ಡು ಕೊಡಲು ಬೇರೆ ದಾರಿಗಳು

ಪ್ಯಾರಿಸ್ಸಿನ ಬ್ರೆಡ್ ಅಂಗಡಿಯೊಂದರಲ್ಲಿ ಸ್ಥಳೀಯರೊಬ್ಬರು ಕಾರ್ಡು ತಾಕಿಸಿ ಕೆಲವು ಯೂರೋ ಕೊಡುತ್ತಿದ್ದಾರೆ ಎಂದುಕೊಳ್ಳಿ. ಆ ಕಾರ್ಡಿನ ಮೇಲೆ ಸಾಮಾನ್ಯವಾಗಿ ಎರಡು ಗುರುತುಗಳಿರುತ್ತವೆ. ಒಂದು ವೀಸಾದ್ದೋ ಮಾಸ್ಟರ್‌ಕಾರ್ಡಿನದ್ದೋ ಆಗಿರುತ್ತದೆ. ಇನ್ನೊಂದು 'ಸಿಬಿ', ಅಂದರೆ ಕಾರ್ತ್ ಬಾಂಕೇರ್, ಫ್ರಾನ್ಸಿನ ಬ್ಯಾಂಕುಗಳು 1984ರಲ್ಲಿ ಸೇರಿ ಕಟ್ಟಿದ ತಮ್ಮದೇ ಜಾಲ. ಒಂದೇ ಕಾರ್ಡಿನೊಳಗೆ ಎರಡು ದಾರಿಗಳಿವೆ. ಈ ಎರಡು ಗುರುತುಗಳ ನಡುವಿನ ವ್ಯತ್ಯಾಸ ತಿಳಿದರೆ ನಮ್ಮ ವಿಷಯದ ಅರ್ಧ ತಿಳಿದಂತೆ.

ಕಾರ್ಡು ತಾಕಿಸಿದಾಗ ನಾಲ್ವರು ಕೆಲಸ ಮಾಡುತ್ತಾರೆ: ಕೊಳ್ಳುವವರು, ಅವರ ಬ್ಯಾಂಕು, ಅಂಗಡಿಯವರು, ಅಂಗಡಿಯ ಬ್ಯಾಂಕು. ಎರಡು ಬ್ಯಾಂಕುಗಳ ನಡುವೆ ನಿಂತು 'ಈ ಖಾತೆಯಲ್ಲಿ ಹಣ ಇದೆಯೇ?' ಎಂಬ ಪ್ರಶ್ನೆಯನ್ನೂ ಅದರ ಉತ್ತರವನ್ನೂ ಸಾಗಿಸುವುದು ಜಾಲದ ಕೆಲಸ. ಯಾವ ಬ್ಯಾಂಕು ಯಾವುದಕ್ಕೆ ಎಷ್ಟು ಕೊಡಬೇಕು ಎಂಬ ಲೆಕ್ಕವನ್ನೂ ಅದೇ ಮಾಡುತ್ತದೆ, ತಕರಾರು ಬಂದರೆ ಅನ್ವಯವಾಗುವ ನಿಯಮಗಳೂ ಅದರವೇ. ವೀಸಾ ಮತ್ತು ಮಾಸ್ಟರ್‌ಕಾರ್ಡ್ ನಿಮ್ಮ ಖಾತೆಯನ್ನು ಇಟ್ಟುಕೊಂಡ ಬ್ಯಾಂಕುಗಳಲ್ಲ. ಅವು ಈ ನಡುವಿನ ಜಾಗದಲ್ಲಿ ಕೂತವು.

ಇಲ್ಲಿ ಶುಲ್ಕದ ಮಾತು ಬರುತ್ತದೆ. ಹೊಸಬರು ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ನೋಡೋಣ. ಅಂಗಡಿಯವರು ಕೊಡುವ ಶುಲ್ಕದ ಒಂದು ಭಾಗ ಕೊಳ್ಳುವವರ ಬ್ಯಾಂಕಿಗೆ ಸೇರುತ್ತದೆ. ಐರೋಪ್ಯ ಒಕ್ಕೂಟ 2015ರ ಕಾನೂನಿನಲ್ಲಿ ಅದಕ್ಕೆ ಮಿತಿ ಹಾಕಿತು: ಸಾಮಾನ್ಯ ಗ್ರಾಹಕರ ಡೆಬಿಟ್ ಕಾರ್ಡಿಗೆ ಶೇ 0.2, ಕ್ರೆಡಿಟ್ ಕಾರ್ಡಿಗೆ ಶೇ 0.3. ಜಾಲವು ತನ್ನ ಸೇವೆಗೆಂದು ಬ್ಯಾಂಕುಗಳಿಂದ ವಸೂಲು ಮಾಡುವ ಶುಲ್ಕ ಬೇರೆ. ಆ ಮಿತಿ ಅದಕ್ಕೆ ಅನ್ವಯವಾಗುವುದಿಲ್ಲ. ಕೊನೆಗೆ ಅದೂ ಬಂದು ಬೀಳುವುದು ಅಂಗಡಿಯವರ ಮೇಲೆಯೇ. ಯುರೋಪಿನ ವ್ಯಾಪಾರಿ ಸಂಘಗಳು ವರ್ಷಗಳಿಂದ ದೂರುತ್ತಿರುವುದು ಈ ಎರಡನೆಯ ಶುಲ್ಕದ ಬಗ್ಗೆ.

ಯುರೋಪಿಗೆ ತನ್ನದೇ ಜಾಲ ಕಟ್ಟಲು ಬರುತ್ತಿರಲಿಲ್ಲ ಎಂದು ಭಾವಿಸಬೇಡಿ. ಮಾಸ್ಟರ್‌ಕಾರ್ಡಿನ ಯುರೋಪಿನ ಜೊತೆಗಾರ ಸಂಸ್ಥೆಯಾಗಿದ್ದ ಯೂರೋಪೇ, 2002ರಲ್ಲಿ ಅದರೊಳಗೇ ವಿಲೀನವಾಯಿತು. ವೀಸಾ ಯುರೋಪ್ ಅಲ್ಲಿನ ಬ್ಯಾಂಕುಗಳ ಒಡೆತನದಲ್ಲೇ ಇತ್ತು. 2016ರಲ್ಲಿ ಆ ಬ್ಯಾಂಕುಗಳು ಅದನ್ನು ಅಮೆರಿಕದ ವೀಸಾಕ್ಕೆ ಮಾರಿಬಿಟ್ಟವು. ಕೈಯಲ್ಲಿದ್ದುದನ್ನು ಕೊಟ್ಟು ಈಗ ಮತ್ತೆ ಕಟ್ಟಲು ಹೊರಟಿದ್ದಾರೆ. ಯೂರೋ ಬಳಸುವ ದೇಶಗಳು 20 ಇದ್ದಾಗ ಐರೋಪ್ಯ ಕೇಂದ್ರ ಬ್ಯಾಂಕು ಮಾಡಿದ ಲೆಕ್ಕದಲ್ಲಿ, 13 ದೇಶಗಳು ಅಂಗಡಿಯ ಕಾರ್ಡು ಪಾವತಿಗೆ ಪೂರ್ತಿಯಾಗಿ ಅಂತರರಾಷ್ಟ್ರೀಯ ಜಾಲಗಳನ್ನೇ ನೆಚ್ಚಿಕೊಂಡಿದ್ದವು.

ಇದರಲ್ಲೇನು ತೊಂದರೆ ಎಂದು ಕೇಳಬಹುದು. 2018ರ ಜೂನ್ 1ರಂದು ವೀಸಾದ ಒಂದು ದತ್ತಾಂಶ ಕೇಂದ್ರದಲ್ಲಿ ಯಂತ್ರದ ಭಾಗ ಕೈಕೊಟ್ಟು, ಯುರೋಪಿನುದ್ದಕ್ಕೂ ಗಂಟೆಗಟ್ಟಲೆ ಜನರ ಕಾರ್ಡುಗಳು ನಿರಾಕರಿಸಲ್ಪಟ್ಟವು. 2022ರ ಮಾರ್ಚಿನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಎರಡೂ ರಷ್ಯಾದಲ್ಲಿ ಕೆಲಸ ನಿಲ್ಲಿಸಿದವು. ಆ ನಿರ್ಧಾರ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ದೂರದ ಎರಡು ಕಂಪನಿಗಳ ತೀರ್ಮಾನ ಒಂದು ದೇಶದ ಪಾವತಿಗಳನ್ನು ಎಲ್ಲಿಯವರೆಗೆ ಮುಟ್ಟಬಹುದು ಎಂಬುದು ಮಾತ್ರ ಅಂದು ಯುರೋಪಿಗೂ ಕಂಡಿತು.

ಇನ್ನು ಪರ್ಯಾಯಗಳು. ಫ್ರಾನ್ಸಿನ ಸಿಬಿಯಂತೆ ಜರ್ಮನಿಗೆ ಗಿರೋಕಾರ್ಡ್ ಇದೆ, ಬೆಲ್ಜಿಯಂಗೆ ಬ್ಯಾಂಕಾಂಟ್ಯಾಕ್ಟ್, ಡೆನ್ಮಾರ್ಕಿಗೆ ಡಾನ್‌ಕಾರ್ಟ್. ಓದಲು ಹೋದ ನಮ್ಮ ಮಕ್ಕಳು ಜರ್ಮನಿಯ ಸಣ್ಣ ಅಂಗಡಿಗಳಲ್ಲಿ 'ಇಸಿ ಕಾರ್ಟೆ ಮಾತ್ರ' ಎಂಬ ಫಲಕ ಕಂಡು ಗಲಿಬಿಲಿಗೊಳ್ಳುವುದುಂಟು. ಅದು ಗಿರೋಕಾರ್ಡಿನ ಹಳೆಯ ಹೆಸರು, ಜನರ ಬಾಯಲ್ಲಿ ಇನ್ನೂ ಉಳಿದಿದೆ. ವ್ಯಾಪಾರಿಗೆ ಅದು ಅಗ್ಗ, ಅದಕ್ಕೇ ಆ ಫಲಕ. ಈ ಕಾರ್ಡುಗಳಿಗೆಲ್ಲ ಒಂದು ಕೊರತೆ ಇದೆ: ದೇಶದ ಗಡಿ ದಾಟಿದರೆ ನಡೆಯುವುದಿಲ್ಲ. ಅದಕ್ಕಾಗಿಯೇ ಪಕ್ಕದಲ್ಲಿ ವೀಸಾ ಅಥವಾ ಮಾಸ್ಟರ್‌ಕಾರ್ಡಿನ ಗುರುತನ್ನೂ ಅಚ್ಚು ಹಾಕುತ್ತಾರೆ.

ಎರಡನೆಯ ಬಗೆ ಹೆಚ್ಚು ಹೊಸತು, ನನ್ನ ಮಟ್ಟಿಗೆ ಹೆಚ್ಚು ಭರವಸೆಯದು. ಕಾರ್ಡನ್ನೇ ಬಿಟ್ಟು ಖಾತೆಯಿಂದ ಖಾತೆಗೆ ನೇರವಾಗಿ ಹಣ ಕಳಿಸುವುದು. ನಮ್ಮ ಯುಪಿಐ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೆದರ್‌ಲೆಂಡ್ಸ್ 2005ರಲ್ಲೇ ಐಡೀಲ್ ಆರಂಭಿಸಿತು. ಜಾಲತಾಣದಲ್ಲಿ ಏನಾದರೂ ಕೊಂಡರೆ ನಿಮ್ಮ ಬ್ಯಾಂಕನ್ನು ಆರಿಸುತ್ತೀರಿ, ಬ್ಯಾಂಕಿನ ಆ್ಯಪಿನಲ್ಲಿ ಒಪ್ಪಿಗೆ ಕೊಡುತ್ತೀರಿ, ಮುಗಿಯಿತು. ಕಾರ್ಡ್ ಸಂಖ್ಯೆ ಎಲ್ಲಿಯೂ ಬರೆಯಬೇಕಿಲ್ಲ, ಕದಿಯಲು ಸಂಖ್ಯೆಯೇ ಇಲ್ಲ. ಸ್ವೀಡನ್ನಿನ ಸ್ವಿಷ್ 2012ರಲ್ಲಿ ಬಂತು, ಸ್ಪೇನಿನ ಬಿಜುಮ್ 2016ರಲ್ಲಿ. ಪೋಲೆಂಡಿನ ಬ್ಲಿಕ್ (2015) ನನಗೆ ತುಂಬ ಇಷ್ಟವಾದುದು: ಬ್ಯಾಂಕಿನ ಆ್ಯಪು ಎರಡು ನಿಮಿಷ ಮಾತ್ರ ಬಾಳುವ ಆರಂಕಿಯ ಸಂಖ್ಯೆಯೊಂದನ್ನು ಕೊಡುತ್ತದೆ. ಅದನ್ನು ಅಂಗಡಿಯ ಯಂತ್ರದಲ್ಲಿ ಒತ್ತಿದರೆ ಪಾವತಿ, ಎಟಿಎಂನಲ್ಲಿ ಒತ್ತಿದರೆ ನೋಟು.

ಇವೂ ಮೊದಮೊದಲು ಒಂದೊಂದು ದೇಶದ ಬೇಲಿಯೊಳಗೇ ಬೆಳೆದವು. ಪೋಲೆಂಡಿನವರು ಲಿಸ್ಬನ್ನಿಗೆ ಹೋದರೆ ಮತ್ತೆ ವೀಸಾ ಅಥವಾ ಮಾಸ್ಟರ್‌ಕಾರ್ಡನ್ನೇ ನೆಚ್ಚಬೇಕಿತ್ತು. ಆ ಬೇಲಿ ದಾಟಲು ಯುರೋಪಿನ ಹಲವು ಬ್ಯಾಂಕುಗಳು ಸೇರಿ ಕಟ್ಟಿದ ಸಂಸ್ಥೆ ಐಡೀಲನ್ನು ಕೊಂಡುಕೊಂಡಿತು. 2024ರಲ್ಲಿ ಅದು 'ವೆರೋ' ಎಂಬ ಸೇವೆಯನ್ನು ಜರ್ಮನಿ, ಫ್ರಾನ್ಸ್ ಮತ್ತು ಬೆಲ್ಜಿಯಂಗಳಲ್ಲಿ ಶುರುಮಾಡಿತು. ಮೊದಲು ಗೆಳೆಯರ ನಡುವೆ ಮೊಬೈಲ್ ಸಂಖ್ಯೆಯ ಮೂಲಕ ಹಣ, ಆಮೇಲೆ ಆನ್‌ಲೈನ್ ಖರೀದಿ, ಕೊನೆಗೆ ಅಂಗಡಿ ಎಂಬುದು ಅದರ ಕ್ರಮ. ಇದರ ಅಡಿಪಾಯ 'ಸೆಪಾ' ಎಂಬ ಯೂರೋ ಪಾವತಿ ವ್ಯವಸ್ಥೆಯ, ಹತ್ತು ಸೆಕೆಂಡಿನೊಳಗೆ ಹಣ ಮುಟ್ಟಿಸುವ ತಕ್ಷಣ ವರ್ಗಾವಣೆ. 2024ರ ಕಾನೂನಿನ ಪ್ರಕಾರ ಯೂರೋ ವಲಯದ ಬ್ಯಾಂಕುಗಳು ಅದನ್ನು ಸ್ವೀಕರಿಸಲೂ ಬೇಕು, 2025ರ ಅಕ್ಟೋಬರಿನಿಂದ ಕಳಿಸುವ ಸೌಲಭ್ಯವನ್ನೂ ಕೊಡಲೇಬೇಕು, ಮಾಮೂಲಿ ವರ್ಗಾವಣೆಗಿಂತ ಹೆಚ್ಚು ಶುಲ್ಕ ಕೇಳಕೂಡದು. ಜನರ ಗಮನಕ್ಕೆ ಅಷ್ಟಾಗಿ ಬಾರದ ಈ ಕಾನೂನು ಹೊಸ ಆ್ಯಪುಗಳಿಗಿಂತ ದೊಡ್ಡ ಹೆಜ್ಜೆ ಎಂದು ನನ್ನ ನಂಬಿಕೆ.

ಅಂಗಡಿಯಲ್ಲಿ ಮೊಬೈಲ್ ತಾಕಿಸುವ ವಿಷಯದಲ್ಲೂ ಒಂದು ಅಡ್ಡಿ ಇತ್ತು. ಐಫೋನಿನ ತಾಕಿಸಿ ಪಾವತಿಸುವ ಚಿಪ್ಪನ್ನು ಆ್ಯಪಲ್ ತನ್ನ ಸ್ವಂತ ಪಾವತಿ ಸೇವೆಯಾದ ಆ್ಯಪಲ್ ಪೇಗಷ್ಟೇ ಮೀಸಲಿಟ್ಟಿತ್ತು. ಐರೋಪ್ಯ ಆಯೋಗದ ತನಿಖೆಯ ಬಳಿಕ 2024ರ ಜುಲೈನಲ್ಲಿ ಅದನ್ನು ಬೇರೆಯವರಿಗೂ ತೆರೆಯಲು ಒಪ್ಪಿತು. ಡಿಜಿಟಲ್ ಯೂರೋ ಇನ್ನೊಂದು ಪ್ರಯತ್ನ, ಕೇಂದ್ರ ಬ್ಯಾಂಕೇ ಹೊರಡಿಸುವ ಹಣ. ಅದು ಇನ್ನೂ ತಯಾರಿಯ ಹಂತದಲ್ಲಿದೆ.

ಖಾತೆಯಿಂದ ನೇರ ಪಾವತಿಗೆ ಒಂದು ಬೆಲೆಯೂ ಇದೆ. ಅಂಗಡಿ ದಿವಾಳಿಯಾದರೆ ಅಥವಾ ಸಾಮಾನು ಬರದೇ ಹೋದರೆ, ಕಾರ್ಡು ಜಾಲದ ನಿಯಮದಡಿ ಬ್ಯಾಂಕಿಗೆ ದೂರಿ ಹಣ ವಾಪಸು ಕೇಳಬಹುದು. ಮಾಮೂಲಿ ತಕ್ಷಣ ವರ್ಗಾವಣೆಯಲ್ಲಿ ಹೋದ ಹಣ ಹೋಯಿತು. ವಿಮಾನದ ಟಿಕೆಟ್, ತಿಂಗಳುಗಟ್ಟಲೆ ಮುಂಚೆ ಕಾದಿರಿಸುವ ಹೋಟೆಲು ಇಂಥವಕ್ಕೆ ಕಾರ್ಡನ್ನೇ ಬಳಸಿ. ದಿನಸಿ, ಬಾಡಿಗೆ, ಗೆಳೆಯರ ಲೆಕ್ಕಕ್ಕೆ ಖಾತೆಯ ದಾರಿ ಸಾಕು.

ಅಲ್ಲಿ ನೆಲೆಸಲು ಹೋಗುವವರು ಖಾತೆ ತೆರೆಯುವಾಗಲೇ ಎರಡು ಪ್ರಶ್ನೆ ಕೇಳಿ: ಕಾರ್ಡಿನಲ್ಲಿ ಆ ದೇಶದ ಸ್ವಂತ ಜಾಲದ ಗುರುತು ಇರುತ್ತದೆಯೇ, ಆ್ಯಪಿನಲ್ಲಿ ಅಲ್ಲಿನ ಪಾವತಿ ಸೇವೆ ಸಿಗುತ್ತದೆಯೇ? ಆ್ಯಪಿನಲ್ಲಷ್ಟೇ ನಡೆಯುವ ಹಲವು ಬ್ಯಾಂಕುಗಳು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಮಾತ್ರ ಕೊಡುತ್ತವೆ. ಎರಡು ಗುರುತಿನ ಕಾರ್ಡು ಕೈಗೆ ಬಂದ ಮೇಲೆ ಒಂದು ವಿಷಯ ಮರೆಯಬೇಡಿ. ಅಂಗಡಿಯ ಯಂತ್ರ ತಾನಾಗಿ ಒಂದು ಜಾಲವನ್ನು ಮೊದಲಿಗೆ ಆರಿಸಿಟ್ಟಿರಬಹುದು. ಅದನ್ನು ಬದಲಿಸಿ ಅಂಗಡಿಯವರು ಒಪ್ಪುವ ಇನ್ನೊಂದನ್ನು ಆರಿಸುವ ಹಕ್ಕನ್ನು ಅದೇ 2015ರ ಕಾನೂನು ಕೊಳ್ಳುವವರಿಗೆ ಕೊಟ್ಟಿದೆ.