ಗಾಡಿಯ ಮೇಲೆ ಸೋಲಾರ್: ಸೂರ್ಯನ ಹಿಂದೆ ತಿರುಗುವ ಸರ್ಕ್ಯೂಟ್ ಬೇಕೇ?



ಜರಗನಹಳ್ಳಿಯಿಂದ ಸಾರಕ್ಕಿ ಮಾರ್ಕೆಟ್‌ಗೆ ಹೋಗಿ ತರಕಾರಿ ತಂದು ಮಾರುವ ಸದಸ್ಯೆಯೊಬ್ಬರು ಸಂಘದಲ್ಲಿ ಸಾಲ ಕೇಳಿದರು ಅಂತ ಇಟ್ಟುಕೊಳ್ಳಿ. ಐಟಿಐ ಓದಿದ ಮಗ ಹಳೇ ಗಾಡಿಗೆ ಬ್ಯಾಟರಿ, ಮೋಟಾರು ಕೂಡಿಸುತ್ತಾನಂತೆ. ಮೇಲೊಂದು ಸೋಲಾರ್ ಪ್ಯಾನೆಲ್, ಅದು ಸೂರ್ಯ ಹೋದ ಕಡೆಗೆ ತಾನೇ ತಿರುಗಲು ಒಂದು ಸರ್ಕ್ಯೂಟ್. ಕೊಡೋಣವೇ? ನಡಾವಳಿ ಪುಸ್ತಕದಲ್ಲಿ ಬರೆಯುವ ಮೊದಲು ವಿಷಯ ತಿಳಿದುಕೊಳ್ಳೋಣ.

ಮನೆಯಲ್ಲಿ ಇಂಥ ಗಾಡಿ ಮಾಡೋದಕ್ಕೆ ಆಗುತ್ತದೆ. ರೇಡಿಯೋ, ಟಿವಿ ರಿಪೇರಿ ಮಾಡುತ್ತಿದ್ದ ಸೈಯದ್ ಸಜ್ಜನ್ ಅಹ್ಮದ್ ಅವರು ತಾವೇ ಮಾಡಿದ ಸೋಲಾರ್ ಕಾರಿನಲ್ಲಿ 2015ರಲ್ಲಿ ಬೆಂಗಳೂರಿನಿಂದ ದೆಹಲಿಗೆ, ಸುಮಾರು 3,000 ಕಿ.ಮೀ. ಹೋದರು. ಅದರಲ್ಲಿ 100 ವ್ಯಾಟಿನ 5 ಪ್ಯಾನೆಲ್, 12 ವೋಲ್ಟ್ 100 ಆಂಪಿಯರ್-ಅವರ್‌ನ 6 ಬ್ಯಾಟರಿ, 850 ವ್ಯಾಟಿನ ಮೋಟಾರು ಇದ್ದವು. ಲೆಕ್ಕ ಹಾಕಿ ನೋಡಿ. 500 ವ್ಯಾಟಿಗೆ ದಿನಕ್ಕೆ 5 ಗಂಟೆ ಒಳ್ಳೇ ಬಿಸಿಲು ಸಿಕ್ಕರೆ ಎರಡೂವರೆ ಯೂನಿಟ್. ನಷ್ಟ ಕಳೆದು ಕೈಗೆ ಸಿಗುವುದು 2 ಯೂನಿಟ್ ಮಾತ್ರ. ಬ್ಯಾಟರಿಗಳು ಹಿಡಿಯುವುದು 7.2 ಯೂನಿಟ್. ಅಂದರೆ ಬರೀ ಬಿಸಿಲಿನಿಂದ ಪೂರ್ತಿ ತುಂಬಲು ಮೂರು ದಿನಕ್ಕೂ ಹೆಚ್ಚು ಬೇಕು. ಆದ್ದರಿಂದಲೇ ಒಂದೊಂದು ವ್ಯಾಟಿಗೂ ಬೆಲೆ.

ಈಗ ತಿರುಗಿಸುವ ಸರ್ಕ್ಯೂಟ್. ಬೆಳಕು ಬಿದ್ದರೆ ತಡೆ ಕಡಿಮೆಯಾಗುವ ಎಲ್‌ಡಿಆರ್ ಎಂಬ ಚಿಕ್ಕ ಬಿಲ್ಲೆ ಎರಡನ್ನು ಸಾಲಾಗಿ 5 ವೋಲ್ಟಿಗೆ ಜೋಡಿಸಿ, ಮಧ್ಯೆ ಒಂದು ಸಣ್ಣ ಅಡ್ಡಗೋಡೆ ನಿಲ್ಲಿಸುತ್ತಾರೆ. ಸೂರ್ಯ ನೇರ ಇದ್ದರೆ ಎರಡಕ್ಕೂ ಸಮ ಬೆಳಕು, ನಡುವಿನ ತಂತಿಯಲ್ಲಿ 2.5 ವೋಲ್ಟ್. ಸೂರ್ಯ ವಾಲಿದರೆ ಒಂದರ ಮೇಲೆ ನೆರಳು ಬಿದ್ದು ವೋಲ್ಟ್ ಏರುತ್ತದೆ, ಇಲ್ಲಾಂದ್ರೆ ಇಳಿಯುತ್ತದೆ. ಎಲ್‌ಎಂ 358 ಎಂಬ ಐಸಿ ಅದನ್ನು ಹೋಲಿಸಿ ನೋಡಿ, 2.7 ದಾಟಿದರೆ ಮೋಟಾರನ್ನು ಒಂದು ಕಡೆ, 2.3ಕ್ಕಿಂತ ಇಳಿದರೆ ಇನ್ನೊಂದು ಕಡೆ ತಿರುಗಿಸುವಂತೆ ಹೊಂದಿಸಬಹುದು. ನಡುವೆ ಇದ್ದರೆ ಸುಮ್ಮನಿರಬೇಕು. ಈ ಅಂತರ ಬಿಡದಿದ್ದರೆ ಮೋಟಾರು ಇಡೀ ದಿನ ಅತ್ತಿತ್ತ ಅಲ್ಲಾಡುತ್ತಾ ಬ್ಯಾಟರಿಯನ್ನೇ ತಿನ್ನುತ್ತದೆ. ಎರಡು ತುದಿಗೂ ನಿಲ್ಲಿಸುವ ಸ್ವಿಚ್ ಬೇಕು.

ನೆಲದಲ್ಲಿ ಹೂತ ಕಂಬದ ಮೇಲೆ ಇದು ಒಳ್ಳೇ ಕೆಲಸ. ಗಾಡಿಯ ಮೇಲೆ ನನಗೆ ಒಪ್ಪಿಗೆಯಿಲ್ಲ. ಗಾಡಿ ಪ್ರತಿ ತಿರುವಿನಲ್ಲೂ ದಿಕ್ಕು ಬದಲಿಸುತ್ತದೆ, ಎತ್ತಿದ ಪ್ಯಾನೆಲ್ಲಿಗೆ ಗಾಳಿ ಹೊಡೆಯುತ್ತದೆ, ತೂಕವೂ ಹೆಚ್ಚು. ನಮ್ಮ ಊರಿನಲ್ಲಿ ಏಪ್ರಿಲ್ ಕೊನೆಗೂ ಆಗಸ್ಟ್ ಮಧ್ಯದ ಹೊತ್ತಿಗೂ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಹಾಗಾಗಿ ಚಪ್ಪಟೆಯಾಗಿ ಹಾಸಿದ ಪ್ಯಾನೆಲ್ ಅಷ್ಟೇನೂ ಸೋಲುವುದಿಲ್ಲ. ಕನಕಪುರ ರಸ್ತೆಯ ಮೆಟ್ರೊ ಸೇತುವೆ ಕೆಳಗೆ ಗಾಡಿ ನಿಲ್ಲಿಸಿದರಂತೂ ಯಾವ ಸರ್ಕ್ಯೂಟೂ ಬಿಸಿಲು ತರಲಾರದು!

ಗಾಡಿಗೆ ಬೇಕಾದ ಹಿಂಬಾಲಿಸುವ ಸರ್ಕ್ಯೂಟ್ ಬೇರೆಯದೇ ಇದೆ. ಎಂಪಿಪಿಟಿ ಅಂತಾರೆ. 100 ವ್ಯಾಟಿನ ಪ್ಯಾನೆಲ್ ಪೂರ್ತಿ ಶಕ್ತಿ ಕೊಡುವುದು ಸುಮಾರು 18 ವೋಲ್ಟಿನಲ್ಲಿ, ಐದೂವರೆ ಆಂಪಿಯರ್. ನೇರ ಬ್ಯಾಟರಿಗೆ ಕೊಟ್ಟರೆ ವೋಲ್ಟ್ 13ಕ್ಕೆ ಕುಸಿಯುತ್ತದೆ. 13ನ್ನು ಐದೂವರೆಯಿಂದ ಗುಣಿಸಿದರೆ 72 ವ್ಯಾಟ್ ಕೂಡ ಇಲ್ಲ. ಎಂಪಿಪಿಟಿ ರೇಡಿಯೋ ಸ್ಟೇಷನ್ ಹುಡುಕಿದ ಹಾಗೆ ವೋಲ್ಟನ್ನು ಸ್ವಲ್ಪ ಸರಿಸಿ ನೋಡುತ್ತದೆ. ವ್ಯಾಟ್ ಹೆಚ್ಚಿದರೆ ಅದೇ ಕಡೆ ಮುಂದೆ, ತಗ್ಗಿದರೆ ಹಿಂದೆ. ಸಿಕ್ಕ ಹೆಚ್ಚುವರಿ ವೋಲ್ಟನ್ನು ಆಂಪಿಯರ್ ಆಗಿ ಬದಲಿಸಿ ಬ್ಯಾಟರಿಗೆ ಕೊಡುತ್ತದೆ. ಸುಡುಬಿಸಿಲಲ್ಲಿ ಪ್ಯಾನೆಲ್ ಕಾದು ವೋಲ್ಟ್ ಇಳಿಯುವುದರಿಂದ ಆಗ ಲಾಭ ಸ್ವಲ್ಪ ಕಡಿಮೆ.

ಡಬ್ಬಿಯ ಮೇಲೆ ಎಂಪಿಪಿಟಿ ಅಂತ ಅಚ್ಚು ಹಾಕಿ ಸಾಧಾರಣ ಕಂಟ್ರೋಲರ್ ಮಾರುವವರೂ ಇದ್ದಾರೆ. ಬ್ಯಾಟರಿ ಅರ್ಧ ಖಾಲಿ ಇರುವಾಗ ಒಳ್ಳೇ ಬಿಸಿಲಿನಲ್ಲಿ ಪ್ಯಾನೆಲ್ ಕಡೆಯ ಆಂಪಿಯರ್, ಬ್ಯಾಟರಿ ಕಡೆಯ ಆಂಪಿಯರ್ ಎರಡನ್ನೂ ಮೀಟರಿನಿಂದ ಅಳೆಸಿ. ಬ್ಯಾಟರಿ ಕಡೆ ಹೆಚ್ಚು ಬಂದರೆ ನಿಜವಾದದ್ದು. ಎರಡೂ ಒಂದೇ ಬಂದರೆ ಅಂಗಡಿಗೆ ವಾಪಸ್ ಕೊಡಿ.

ಆ ಸಹೋದರಿಗೆ ಸಾಲ ಕೊಡುವುದಾದರೆ ತಿರುಗಿಸುವ ಮೋಟಾರಿನ ದುಡ್ಡನ್ನು ಪಟ್ಟಿಯಿಂದ ತೆಗೆದು ಕಂಟ್ರೋಲರಿಗೆ, ಬ್ಯಾಟರಿಯ ಪಕ್ಕದಲ್ಲೇ ಹಾಕುವ ಫ್ಯೂಸಿಗೆ ಇಡಿ. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೊತ್ತಿಕೊಳ್ಳುವ ಅನಿಲ ಬರುತ್ತದೆ, ಪೆಟ್ಟಿಗೆಗೆ ಗಾಳಿಕಿಂಡಿ ಇರಲಿ. ರಸ್ತೆಗೆ ಇಳಿಸುವ ಮುಂಚೆ ನೋಂದಣಿ ಬೇಕೇ ಅಂತ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡು ಬರಲು ಮಗನಿಗೆ ಹೇಳಿ.